ಮಳೆನೀರು ಎಲ್ಲಿಗೆ ಹೋಗುತ್ತೆ, ಹೇಳಿ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರೋದು ಬಿರುಕು, ಸೋರಿಕೆ, ತೇವದ ಪ್ರಶ್ನೆಗಳು. ಈ ಸಲ ಕಾಲೇಜು ಸೇರುವ ಹೊತ್ತು. ಹಾಗಾಗಿ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು: ಆರ್ಕಿಟೆಕ್ಚರಲ್ ಟೆಕ್ನಾಲಜಿ ಡಿಗ್ರಿ, ಅಂದರೆ ಕಟ್ಟಡವನ್ನು ಹೇಗೆ ಕಟ್ಟಬೇಕು ಅನ್ನೋ ತಾಂತ್ರಿಕ ವಿವರಗಳ ಓದು. ನಾನು ಓದಿದ್ದು ಅದನ್ನೇ. 19 ವರ್ಷ ಆಫೀಸುಗಳಲ್ಲಿ ಡ್ರಾಯಿಂಗ್ ಮಾಡಿ, ಈಗ 8 ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಮಾತು ಸ್ವಲ್ಪ ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಮಗಳು ಆರ್ಕಿಟೆಕ್ಚರಲ್ ಟೆಕ್ನಾಲಜಿ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮ ನೆಂಟರೊಬ್ಬರು, "ಅದು ಬರೀ ಡ್ರಾಫ್ಟಿಂಗ್. ಬೇರೆಯವರು ಯೋಚಿಸಿದ್ದನ್ನು ಇವಳು ಗೀಚಬೇಕು, ಅಷ್ಟೇ" ಎಂದು ಮೂಗು ಮುರಿಯುತ್ತಾರೆ. ನಿಜವಾಗಿ ಅಷ್ಟೇನಾ? ಇಷ್ಟು ವರ್ಷ ಏನು ಕಲಿಸುತ್ತಾರೆ?

ಗೀಚೋದು ತುಂಬಾ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಏನನ್ನು ಗೀಚುತ್ತೀವಿ ಅನ್ನೋದನ್ನು ನಿಮ್ಮ ನೆಂಟರು ನೋಡಿಲ್ಲ ಅನ್ನಿಸುತ್ತೆ.

ಮೊದಲ ವಾರ ನಾನು ಒಂದು ಖಾಲಿ ಹಾಳೆ ಕೊಡುತ್ತೇನೆ. ಕಿಟಕಿಯ ಕೆಳಗಿನ ತುದಿ ಗೋಡೆಗೆ ಸೇರುವ ಜಾಗವನ್ನು 1:5 ಸ್ಕೇಲ್‌ನಲ್ಲಿ, ಅಂದರೆ ನಿಜದ ಅಳತೆಯ ಐದನೇ ಒಂದರಷ್ಟಕ್ಕೆ, ಬರೆಯಿರಿ ಅನ್ನುತ್ತೇನೆ. ಕಿಟಕಿಯನ್ನು ಮೇಲಿಂದ ಕೆಳಗೆ ಚಾಕುವಿನಲ್ಲಿ ಕತ್ತರಿಸಿದರೆ ಹೇಗೆ ಕಾಣುತ್ತೋ ಹಾಗೆ. ಎಲ್ಲರೂ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಗೋಡೆ, ಅದರ ಮೇಲೊಂದು ಕಲ್ಲು, ಕಲ್ಲಿನ ಮೇಲೆ ಚೌಕಟ್ಟು, ಗಾಜು. ಮುಖದಲ್ಲಿ ಇಷ್ಟೇನಾ ಅನ್ನೋ ಭಾವ.

ಆಗ ಎಲ್ಲರ ಕೈಗೂ ಒಂದೊಂದು ನೀಲಿ ಪೆನ್ಸಿಲ್ ಕೊಡುತ್ತೇನೆ. "ಈಗ ಮಳೆ ಬಂತು. ಒಂದು ಹನಿ ಗಾಜಿನ ಮೇಲೆ ಬಿತ್ತು. ಅದು ಎಲ್ಲಿಗೆ ಹೋಗುತ್ತೆ, ಗೆರೆ ಎಳೆಯಿರಿ."

ಹನಿ ಗಾಜಿನ ಮೇಲೆ ಜಾರಿ ಚೌಕಟ್ಟಿಗೆ ಬರುತ್ತೆ, ಅಲ್ಲಿಂದ ಕಲ್ಲಿಗೆ ಇಳಿಯುತ್ತೆ. ಕಲ್ಲು ಸಮತಟ್ಟಾಗಿದ್ದರೆ ಅಲ್ಲೇ ನಿಲ್ಲುತ್ತೆ. ಹಾಗಾಗಿ ಕಲ್ಲಿಗೆ ಹೊರಗಡೆ ಇಳಿಜಾರು ಬೇಕು. ಸರಿ, ಇಳಿಜಾರು ಕೊಟ್ಟರು, ಹನಿ ಅಂಚಿಗೆ ಬಂತು. ಅಲ್ಲಿಂದ ಕೆಳಗೆ ಬೀಳುತ್ತೆ ಅಂತ ಎಲ್ಲರೂ ನೇರ ಗೆರೆ ಎಳೆಯುತ್ತಾರೆ. ಬೀಳಲ್ಲ! ನೀರು ಅಂಟುಬುರುಕ. ಅಂಚು ಸುತ್ತಿಕೊಂಡು ಕಲ್ಲಿನ ತಳಕ್ಕೆ ಹೋಗಿ, ತಳಕ್ಕೇ ಅಂಟಿಕೊಂಡು ವಾಪಸ್ ಗೋಡೆಯ ಕಡೆಗೇ ಹರಿಯುತ್ತೆ. ಕಿಟಕಿಯ ಕೆಳಗೆ ಗೋಡೆ ಮೇಲೆ ಕಪ್ಪು ಕಲೆ ಇಳಿದಿರೋದು ನೋಡಿರುತ್ತೀರಿ. ಅದಕ್ಕೇ ಕಲ್ಲಿನ ತಳದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಯೋದು. ಹನಿಗೆ ಆ ತೋಡನ್ನು ದಾಟೋಕೆ ಆಗಲ್ಲ. ಅಲ್ಲೇ ಕಳಚಿ ಬೀಳುತ್ತೆ.

ಹೆಚ್ಚುಕಡಿಮೆ ಕಿರುಬೆರಳಿನ ಅಗಲದ ಈ ತೋಡಿನ ಸುತ್ತ ನಮ್ಮ ಎರಡು ಗಂಟೆ ಕಳೆಯುತ್ತೆ.

ಮುಂದಿನ ವಾರ ಅದೇ ಹಾಳೆಗೆ ಕೆಂಪು ಪೆನ್ಸಿಲ್. ಅದು ಶಾಖದ ದಾರಿ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತೆ. ಒಳಗಿನ ಗಾಳಿ 20 ಡಿಗ್ರಿ ಇದ್ದು, ತೇವಾಂಶ ಶೇ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲಾದರೂ ನೀರು ಕೂರುತ್ತೆ. ಹೊರಗೆ ಚಳಿ ಇದ್ದರೆ ಅಲ್ಯೂಮಿನಿಯಂ ಚೌಕಟ್ಟಿನ ಒಳಮೈ ಅಷ್ಟು ತಣ್ಣಗಾಗೋದು ಕಷ್ಟವೇನಲ್ಲ. ಮಳೆಯೇ ಇಲ್ಲದ ದಿನ "ಕಿಟಕಿ ಸೋರುತ್ತಿದೆ" ಅಂತ ಫೋನ್ ಬರೋದು ಹೀಗೆ. ಇದಕ್ಕೇ ಚೌಕಟ್ಟಿನ ಹೊರಭಾಗ ಮತ್ತು ಒಳಭಾಗದ ನಡುವೆ ಶಾಖ ಸಾಗಿಸದ ಪ್ಲಾಸ್ಟಿಕ್ ಪಟ್ಟಿ ಇಡುತ್ತಾರೆ.

ಆಮೇಲೆ ಶಬ್ದಕ್ಕೆ ಹಸಿರು, ಭಾರಕ್ಕೆ ಕಪ್ಪು, ಬೆಂಕಿಗೆ ಕಿತ್ತಳೆ. ಹೀಗೆ ಡಬ್ಬಿ ತುಂಬುತ್ತಾ ಹೋಗುತ್ತೆ. ಆ ಪೆನ್ಸಿಲ್ ಡಬ್ಬಿಯೇ ನಮ್ಮ ಸಿಲಬಸ್ಸು ಅಂದುಕೊಳ್ಳಿ. ಉಳಿದ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ: ಸಾಮಗ್ರಿಗಳ ಗುಣ, ಸರ್ವೆ, ನೀರು-ವಿದ್ಯುತ್-ಗಾಳಿ ವ್ಯವಸ್ಥೆ, ಖರ್ಚಿನ ಅಂದಾಜು, ಗುತ್ತಿಗೆಯ ಕಾಗದಪತ್ರ, ಹಳೆ ಕಟ್ಟಡದ ದುರಸ್ತಿ. ಎಷ್ಟೋ ಕಡೆ ಓದಿನ ನಡುವೆ ಕೆಲವು ತಿಂಗಳು ಆಫೀಸಿಗೋ ಸೈಟಿಗೋ ಕಳಿಸುತ್ತಾರೆ. ಕೊನೆಯ ವರ್ಷ ಒಂದು ಇಡೀ ಕಟ್ಟಡವನ್ನು ತಳಪಾಯದಿಂದ ಸೂರಿನವರೆಗೆ, ನಾಳೆಯೇ ಕಟ್ಟಬಹುದು ಅನ್ನುವಷ್ಟು ವಿವರವಾಗಿ ಬರೆಯಬೇಕು.

ಇದರಲ್ಲಿ ಯೋಚನೆ ಇಲ್ಲ ಅಂತ ನಿಮ್ಮ ನೆಂಟರಿಗೆ ಇನ್ನೂ ಅನ್ನಿಸಿದರೆ, ನನ್ನದೇ ಒಂದು ಎಡವಟ್ಟು ಹೇಳಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ 6 ಮೀಟರ್ ಉದ್ದದ ಗಾಢ ಬಣ್ಣದ ಅಲ್ಯೂಮಿನಿಯಂ ತಗಡುಗಳನ್ನು ಗೋಡೆಗೆ ಹೊದಿಸುವ ಡ್ರಾಯಿಂಗ್ ಮಾಡಿದ್ದೆ. ಎರಡೂ ತುದಿ ಬಿಗಿಯಾಗಿ ಸ್ಕ್ರೂ. ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆ ತಗಡಿನ ಬಿಸಿ ಮುಂಜಾನೆಗೂ ಮಧ್ಯಾಹ್ನಕ್ಕೂ 50 ಡಿಗ್ರಿ ಏರಿದರೆ ಅದು 7 ಮಿಲಿಮೀಟರ್ ಉದ್ದವಾಗುತ್ತೆ. ಪರೀಕ್ಷೆಯಲ್ಲಿ ಇದೇ ಲೆಕ್ಕ ಮಾಡಿ ಪೂರ್ತಿ ಅಂಕ ತಗೊಂಡಿದ್ದವಳು ನಾನು! ಕಟ್ಟಡ ಮುಗಿದ ಮೇಲೆ ದಿನಾ ಬೆಳಗ್ಗೆ ಬಿಸಿಲು ಏರುತ್ತಿದ್ದಂತೆ ಗೋಡೆ ಟಕ್, ಟಕ್ ಅಂತ ಬಡಿದುಕೊಳ್ಳೋಕೆ ಶುರು. ಒಳಗೆ ಕೆಲಸ ಮಾಡುವವರು ಯಾರೋ ಸುತ್ತಿಗೆ ಹಿಡಿದಿದ್ದಾರೆ ಅಂದುಕೊಂಡಿದ್ದರಂತೆ. ಒಂದು ತುದಿಯ ತೂತುಗಳನ್ನು ಉದ್ದ ಮಾಡಿ, ತಗಡು ಸರಿದಾಡೋಕೆ ಜಾಗ ಬಿಟ್ಟ ಮೇಲೆ ಸುಮ್ಮನಾಯಿತು. ಆ ಕಟ್ಟಡದ ಮೇಸ್ತ್ರಿ ನನಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಪ್ರಶ್ನೆ: ಗಣಿತ ನನಗೆ ಕಬ್ಬಿಣದ ಕಡಲೆ. ಈ ಕೋರ್ಸ್ ನನ್ನ ಕೈಲಿ ಆಗುತ್ತಾ?

ಕೂಡಿಸಿ, ಕಳೆದು, ಗುಣಿಸಿ, ಭಾಗಿಸೋಕೆ ಬರುತ್ತಾ? ತ್ರಿಕೋನದ ಬಾಹು ಕಂಡುಹಿಡಿಯೋಕೆ ಬರುತ್ತಾ? ಬಂದರೆ ಮುಕ್ಕಾಲು ದಾರಿ ಮುಗಿಯಿತು. ತೊಲೆ, ಕಂಬಗಳ ಕಠಿಣ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಮಾಡುತ್ತಾರೆ. ನಿಮಗೆ ಬೇಕಿರೋದು ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅಂತ ಕಣ್ಣಿಗೆ ಕಟ್ಟಿಕೊಳ್ಳುವ ಶಕ್ತಿ.

ಇದಕ್ಕೆ ನಾನು ಪಾಠದಲ್ಲಿ ತೋರಿಸುವ ಉದಾಹರಣೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಒಂದು ಹೋಟೆಲಿನದು. ಅದರ ಒಳಾಂಗಣದಲ್ಲಿ, ನಾಲ್ಕನೇ ಮಹಡಿಯ ಮಟ್ಟದಲ್ಲಿ ಒಂದು ನಡೆದಾರಿ, ಅದರ ಕೆಳಗೇ ಎರಡನೇ ಮಹಡಿಯ ಮಟ್ಟದಲ್ಲಿ ಇನ್ನೊಂದು. ಎರಡನ್ನೂ ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಹಾಕಿದ್ದರು. ಮೊದಲ ಡ್ರಾಯಿಂಗ್‌ನಲ್ಲಿ ಒಂದೇ ಉದ್ದ ಸರಳು ಎರಡನ್ನೂ ಹಾದು ಬರುತ್ತಿತ್ತು. ಅಷ್ಟುದ್ದಕ್ಕೂ ಸ್ಕ್ರೂವಿನ ಹಾಗೆ ಸುರುಳಿ ಗೆರೆ ಕೊರೆದು ನಟ್ ತಿರುಗಿಸಿಕೊಂಡು ಬರೋದು ಕಿರಿಕಿರಿ ಅಂತ ಸರಳನ್ನು ಎರಡು ತುಂಡು ಮಾಡಿದರು. ಚಾವಣಿಯಿಂದ ಮೇಲಿನ ನಡೆದಾರಿಗೆ ಒಂದು, ಮೇಲಿನದರಿಂದ ಕೆಳಗಿನದಕ್ಕೆ ಇನ್ನೊಂದು. ಹಾಳೆಯ ಮೇಲೆ ನೋಡಿದರೆ ವ್ಯತ್ಯಾಸವೇ ತಿಳಿಯಲ್ಲ. ಈಗ ಒಂದು ಹಗ್ಗ ಹಿಡಿದು ಇಬ್ಬರು ನೇತಾಡುತ್ತಿದ್ದಾರೆ ಅಂದುಕೊಳ್ಳಿ. ಅವರವರ ಭಾರ ಅವರವರ ಕೈಗೆ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡರೆ? ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಕೈಗೆ ಎರಡರಷ್ಟು. 1981ರ ಜುಲೈ 17ರಂದು ಆ "ಕೈ", ಅಂದರೆ ಮೇಲಿನ ನಡೆದಾರಿ ಸರಳಿಗೆ ಕೂಡುವ ಜಾಗ, ಜಾರಿತು. 114 ಜನ ಸತ್ತರು. ಮೊದಲಿನ ಡ್ರಾಯಿಂಗ್ ಕೂಡ ನಿಯಮ ಕೇಳುವಷ್ಟು ಬಲದ್ದಾಗಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಬದಲಾವಣೆ ಅದನ್ನು ಇನ್ನೂ ಕೆಡಿಸಿತ್ತು.

ಇದರಲ್ಲಿ ಕಷ್ಟದ ಗಣಿತ ಎಲ್ಲಿದೆ? ಎರಡರಿಂದ ಗುಣಿಸೋದು ಅಷ್ಟೇ. ಗುಣಿಸಬೇಕು ಅಂತ ಹೊಳೆಯಬೇಕಿತ್ತು.

ಪ್ರಶ್ನೆ: ಈಗ ಎಲ್ಲ ಸಾಫ್ಟ್‌ವೇರ್ ಮಾಡುತ್ತೆ ಅಲ್ವಾ? ಕೈಯಲ್ಲಿ ಚಿತ್ರ ಬರೆಯೋಕೆ ಬರದಿದ್ದರೂ ನಡೆಯುತ್ತಾ?

ಚಂದದ ಚಿತ್ರ ಬೇಕಿಲ್ಲ. ಒರಟಾಗಿ, ಅಳತೆ ತಪ್ಪದೆ ಬರೆದರೆ ಸಾಕು. ಸಾಫ್ಟ್‌ವೇರ್ ಅಂತೂ ಬೇಕೇ ಬೇಕು. ಆಟೋಕ್ಯಾಡ್, ರೆವಿಟ್ ಥರದವು ಮೊದಲ ವರ್ಷದಿಂದಲೇ ಕೈಗೆ ಬರುತ್ತವೆ. ಈಗ ಬರೀ ಗೆರೆ ಎಳೆಯಲ್ಲ, ಕಟ್ಟಡದ ಮಾದರಿಯನ್ನೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಬಿಮ್ ಅನ್ನೋದು ಇದನ್ನೇ. ಅದರಲ್ಲಿ ಬಾಗಿಲು ಬರೀ ಎರಡು ಗೆರೆಯಲ್ಲ, ತನ್ನ ಅಗಲ, ವಸ್ತು, ಎಷ್ಟು ಹೊತ್ತು ಬೆಂಕಿ ತಡೆಯುತ್ತೆ ಅನ್ನೋದೆಲ್ಲ ಗೊತ್ತಿರುವ ಬಾಗಿಲು. ಈ ಮಾಹಿತಿಯನ್ನು ಯಾರು, ಯಾವಾಗ, ಹೇಗೆ ಹಂಚಿಕೊಳ್ಳಬೇಕು ಅನ್ನೋದಕ್ಕೆ 2018ರಿಂದ ಐಎಸ್‌ಒ 19650 ಅನ್ನೋ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅದನ್ನು ಓದೋದು ಬೋರು. ಆದರೂ ಓದಬೇಕು.

ಒಮ್ಮೆ ಒಬ್ಬ ಹುಡುಗನ ಮಾದರಿಯಲ್ಲಿ ಶೌಚಾಲಯದ ಪೈಪು ನೇರ ತೊಲೆಯೊಳಗೇ ಹೋಗಿತ್ತು. ಸಾಫ್ಟ್‌ವೇರ್ ಕೆಂಪಗೆ ತೋರಿಸಿ ಎಚ್ಚರಿಸಿತು. ಅವನು ಪೈಪನ್ನು ಬಗ್ಗಿಸಿ, ತೊಲೆಯ ಮೇಲಿಂದ ಹತ್ತಿಸಿ, ಆಚೆ ಇಳಿಸಿದ. ಕೆಂಪು ಹೋಯಿತು, ಸಾಫ್ಟ್‌ವೇರ್‌ಗೆ ಸಮಾಧಾನ. ಕೊಳಚೆ ನೀರು ಮಾತ್ರ ಏಣಿ ಹತ್ತಬೇಕಿತ್ತು. ನಾನು ಏನೂ ಹೇಳದೆ ಅವನ ಕೈಗೆ ನೀಲಿ ಪೆನ್ಸಿಲ್ ಕೊಟ್ಟೆ.

ಪ್ರಶ್ನೆ: ಕಟ್ಟಡದ ನಿಯಮ, ಕೋಡ್‌ಗಳನ್ನೆಲ್ಲ ಬಾಯಿಪಾಠ ಮಾಡಬೇಕಾ? ಅದನ್ನು ನೆನೆದರೇ ನಿದ್ದೆ ಬರುತ್ತೆ.

ಬಾಯಿಪಾಠ ಬೇಡ, ಪುಸ್ತಕ ತೆರೆದು ನೋಡಬಹುದು. ಆದರೆ ಪ್ರತಿ ನಿಯಮದ ಹಿಂದೆ ಏನೋ ಒಂದು ನಡೆದಿರುತ್ತೆ. ಅದು ಗೊತ್ತಾದರೆ ನಿದ್ದೆ ಬರಲ್ಲ.

ಲಂಡನ್ನಿನಲ್ಲಿ ರೋನನ್ ಪಾಯಿಂಟ್ ಅಂತ 22 ಮಹಡಿಯ ಕಟ್ಟಡ ಇತ್ತು. ಕಾರ್ಖಾನೆಯಲ್ಲಿ ಮಾಡಿದ ಕಾಂಕ್ರೀಟ್ ಗೋಡೆಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ್ದು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯ ಒಂದು ಮನೆಯಲ್ಲಿ ಗ್ಯಾಸ್ ಸಿಡಿಯಿತು. ಒಂದು ಗೋಡೆ ಹೊರಗೆ ಹಾರಿತು. ಅದರ ಮೇಲಿದ್ದದ್ದಕ್ಕೆ ಆಸರೆ ತಪ್ಪಿ, ಅದು ಬಿದ್ದ ಭಾರಕ್ಕೆ ಕೆಳಗಿನದೂ ಕುಸಿದು, ಕಟ್ಟಡದ ಒಂದು ಮೂಲೆ ಪೂರ್ತಿ ಇಳಿದುಹೋಯಿತು. 4 ಜನ ಸತ್ತರು. ಒಂದು ಕಡೆ ಪೆಟ್ಟು ಬಿದ್ದರೆ ಇಡೀ ಕಟ್ಟಡ ಇಸ್ಪೀಟಿನ ಮನೆಯ ಹಾಗೆ ಬೀಳಬಾರದು ಅನ್ನುವ ನಿಯಮ ಬ್ರಿಟನ್ನಿನಲ್ಲಿ ಬಂದದ್ದು ಇದಾದ ಮೇಲೆ. 1986ರಲ್ಲಿ ಆ ಕಟ್ಟಡವನ್ನು ಬಿಚ್ಚುವಾಗ ನೋಡಿದರೆ ಗೋಡೆಗಳು ಕೂಡುವ ಸಂದುಗಳ ಕೆಲಸವೇ ಕಳಪೆ.

ಇನ್ನು ಕಿತ್ತಳೆ ಪೆನ್ಸಿಲ್. 2017ರ ಜೂನ್ 14ರಂದು ಅದೇ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಒಂದು ಅಡುಗೆಮನೆಯ ಬೆಂಕಿ ಹೊರಗೋಡೆಗೆ ದಾಟಿತು. ಹೊದಿಸಿದ್ದ ಅಲ್ಯೂಮಿನಿಯಂ ಹಲಗೆಗಳ ಒಳಗೆ ಇದ್ದದ್ದು ಪಾಲಿಥಿಲೀನ್ ಪ್ಲಾಸ್ಟಿಕ್. ಬೆಂಕಿ ಅದನ್ನು ಹಿಡಿದು ಮೇಲೇರಿತು. ಸತ್ತವರು 72. ತರಗತಿಯಲ್ಲಿ ಈ ಕಟ್ಟಡದ ಗೋಡೆಯ ಸೆಕ್ಷನ್ (ಕತ್ತರಿಸಿದಂತೆ ತೋರಿಸುವ ಚಿತ್ರ) ತೆರೆದಾಗ ಯಾರೂ ಮಾತಾಡಲ್ಲ. ಹಲಗೆಯ ಹಿಂದೆ ಖಾಲಿ ಸಂದು, ಕಿಟಕಿಯ ಸುತ್ತ ಖಾಲಿ ಸಂದು, ಬೆಂಕಿ ತಡೆಯಬೇಕಾದ ಪಟ್ಟಿ ಇರಬೇಕಾದ ಕಡೆ ಇಲ್ಲ. ಎಲ್ಲವೂ 1:5ರ ಹಾಳೆಯಲ್ಲಿ ಹಿಡಿಸುವ ವಿಷಯಗಳೇ.

ಪ್ರಶ್ನೆ: ಡಿಗ್ರಿ ಆದಮೇಲೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಿಕೊಳ್ಳಬಹುದಾ?

ಇಲ್ಲ. ಎಷ್ಟೋ ದೇಶಗಳಲ್ಲಿ ಆ ಹೆಸರಿಗೆ ಕಾನೂನಿನ ಬೇಲಿ ಇದೆ. ಅದಕ್ಕೆ ಬೇರೆ ಓದು, ಬೇರೆ ನೋಂದಣಿ. ಟೆಕ್ನಾಲಜಿಸ್ಟ್‌ಗಳಿಗೂ ತಮ್ಮದೇ ಸಂಸ್ಥೆಗಳಿವೆ. ಬ್ರಿಟನ್ನಿನದು 1965ರಲ್ಲಿ ಶುರುವಾಯಿತು, 2005ರಲ್ಲಿ ಅದಕ್ಕೆ ರಾಯಲ್ ಚಾರ್ಟರ್ ಸಿಕ್ಕಿತು. ಬೋರ್ಡ್‌ನ ಆಸೆಯೇ ದೊಡ್ಡದಾಗಿದ್ದರೆ ಆರ್ಕಿಟೆಕ್ಚರ್‌ಗೇ ಸೇರಿ, ಸುಮ್ನೆ ಇಲ್ಲಿ ಬಂದು ಕೊರಗಬೇಡಿ.

ಪ್ರಶ್ನೆ: ಸೀಟು ಸಿಕ್ಕಿದೆ. ತರಗತಿ ಶುರುವಾಗೋಕೆ ಇನ್ನೂ ಎರಡು ತಿಂಗಳಿದೆ. ಈಗಲೇ ಏನಾದರೂ ಓದಬೇಕಾ?

ಓದೋದು ಇದ್ದೇ ಇದೆ. ಒಂದು ಅಳತೆ ಟೇಪು ಹಿಡಿದು ಹತ್ತಿರದ ಯಾವುದಾದರೂ ಮೆಟ್ಟಿಲಿನ ಹತ್ತಿರ ಹೋಗಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಆರ್ಕಿಟೆಕ್ಟ್ ಫ್ರಾನ್ಸ್ವಾ ಬ್ಲಾಂಡೆಲ್ ಒಂದು ಸೂತ್ರ ಕೊಟ್ಟಿದ್ದ. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಅಗಲ ಸೇರಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು ಬರಬೇಕು ಅಂತ. ಈಗ ಅದನ್ನು ಸುಮಾರು 60ರಿಂದ 65 ಸೆಂಟಿಮೀಟರ್ ಅಂತ ಹಿಡಿಯುತ್ತಾರೆ. ಬರುತ್ತಾ ನೋಡಿ. ಆಮೇಲೆ ಪ್ರತಿ ಮೆಟ್ಟಿಲಿನ ಎತ್ತರ ಬೇರೆ ಬೇರೆಯಾಗಿ ಅಳೆಯಿರಿ. ಮೊದಲನೆಯದೋ ಕೊನೆಯದೋ 20 ಮಿಲಿಮೀಟರ್ ಹೆಚ್ಚುಕಡಿಮೆ ಬಂದರೆ ಖುಷಿಪಡಿ, ನಿಮಗೆ ಒಂದು ತಪ್ಪು ಸಿಕ್ಕಿತು. ಯಾರೋ ಕಾಂಕ್ರೀಟ್ ಮಟ್ಟಕ್ಕೆ ಮೆಟ್ಟಿಲು ಬರೆದು, ಆಮೇಲೆ ಹಾಕುವ ಗಾರೆ ಮತ್ತು ಟೈಲ್ಸಿನ ದಪ್ಪ ಮರೆತಿರಬಹುದು. ಜನ ಎಡವೋದು ಆ ಒಂದು ಮೆಟ್ಟಿಲಿನಲ್ಲೇ. ಅದನ್ನು 1:10ರಲ್ಲಿ ಬರೆದು, ಕಾಂಕ್ರೀಟ್, ಗಾರೆ, ಟೈಲ್ಸ್ ಮೂರನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸಿ, ಮೊದಲ ದಿನ ನಿಮ್ಮ ಮೇಷ್ಟ್ರ ಮುಂದೆ ಇಡಿ.