ಎಂಡ್ಯೂರೆನ್ಸ್ ಕುದುರೆಗಳ ಸಂಶೋಧನೆಗೆ ಹಣ ಕೊಡುವವರು ಯಾರು? ನನ್ನಂಥವರ ಸಣ್ಣ ದೇಣಿಗೆಯಿಂದ ಏನಾದರೂ ಆಗುತ್ತದೆಯೇ? ಸವಾರರಿಗೆ ಏನು ಲಾಭ?

ಈಗಷ್ಟೇ ಎಂಡ್ಯೂರೆನ್ಸ್ ಸವಾರಿ (ಕುದುರೆಯ ಮೇಲೆ ಬಹುದೂರ ಸಾಗುವ ಸ್ಪರ್ಧೆ) ಶುರುಮಾಡಿದ್ದೀರಿ, ಸಂಶೋಧನೆಗೆಂದು ಇನ್ನೂರು ಡಾಲರ್ ಎತ್ತಿಟ್ಟಿದ್ದೀರಿ, ಅದು ಸಮುದ್ರದಲ್ಲಿ ಹುಣಸೆಹಣ್ಣು ಕಿವುಚಿದಂತೆ ಆದೀತೇ ಎಂಬ ಅನುಮಾನ ನಿಮ್ಮದು. ಹಣ ಕೊಡಿ. ಆದರೆ ಯಾವ ಪ್ರಶ್ನೆಗೆ ಉತ್ತರ ಹುಡುಕಲು ಕೊಡುತ್ತಿದ್ದೀರಿ ಎಂಬುದನ್ನು ನೋಡಿ ಕೊಡಿ. ನಾನು ವಿಜ್ಞಾನಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಓಟಗಳ ತಪಾಸಣಾ ಠಾಣೆಗಳಲ್ಲಿ ಪಶುವೈದ್ಯರ ಪಕ್ಕ ನಿಂತು ಅವರು ಹೇಳಿದ್ದನ್ನು ಪ್ರತಿ ಕುದುರೆಯ ಕಾರ್ಡಿನಲ್ಲಿ ಬರೆದುಕೊಳ್ಳುವ ಸ್ವಯಂಸೇವಕ.

ರೇಸ್ ಕುದುರೆಯ ಹಿಂದೆ ಬಾಜಿಯ ಹಣವಿದೆ. ಬ್ರಿಟನ್ನಿನಲ್ಲಿ ಕುದುರೆ ಬಾಜಿಯಿಂದ ಸಂಗ್ರಹವಾಗುವ ಕಡ್ಡಾಯ ಶುಲ್ಕದ (ಲೆವಿ) ಒಂದು ಪಾಲು ಪಶುವೈದ್ಯಕೀಯ ಸಂಶೋಧನೆಗೆ ಹೋಗುತ್ತದೆ. ಅಮೆರಿಕದಲ್ಲಿ ಗ್ರೇಸನ್-ಜಾಕಿ ಕ್ಲಬ್ ಪ್ರತಿಷ್ಠಾನದಂಥ ದೊಡ್ಡ ಸಂಸ್ಥೆಗಳಿವೆ. ಎಂಡ್ಯೂರೆನ್ಸ್‌ಗೆ ಇಲ್ಲಿ ಬಾಜಿಯೂ ಇಲ್ಲ, ಗ್ಯಾಲರಿಯೂ ಇಲ್ಲ. 1955ರಲ್ಲಿ ಆರಂಭವಾದ ಟೆವಿಸ್ ಕಪ್ ಈ ಆಟದ ಅತಿ ಹೆಸರುವಾಸಿ ಓಟ: ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ ಆಬರ್ನ್ ಊರಿಗೆ ನೂರು ಮೈಲಿ, ಅಂದರೆ 160 ಕಿಲೋಮೀಟರ್. 24 ಗಂಟೆಯೊಳಗೆ ಮುಗಿಸಿ, ಕೊನೆಯಲ್ಲೂ ಕುದುರೆ ಆರೋಗ್ಯವಾಗಿದೆ ಎಂದು ವೈದ್ಯರು ಒಪ್ಪಿದರೆ ಬೆಳ್ಳಿಯ ಬೆಲ್ಟ್ ಬಕಲ್ ಸಿಗುತ್ತದೆ. ಅಷ್ಟೇ. (ಕೊಲ್ಲಿ ರಾಷ್ಟ್ರಗಳಲ್ಲಿ ಈ ಆಟಕ್ಕೆ ಹರಿಯುವ ಹಣದ ಕಥೆ ಬೇರೆಯೇ.) ಹಾಗಾಗಿ ಸಂಶೋಧನೆಗೆ ಹಣ ಬರುವುದು ಸವಾರರ ಸಂಘಗಳು, ವಿಶ್ವವಿದ್ಯಾಲಯಗಳ ಅಶ್ವ ಆರೋಗ್ಯ ಕೇಂದ್ರಗಳು, ಮಾರಿಸ್ ಅನಿಮಲ್ ಫೌಂಡೇಶನ್‌ನಂಥ ದತ್ತಿಗಳು ಮತ್ತು ಮೇವು, ಪೂರಕ ಆಹಾರ ಮಾರುವ ಕಂಪನಿಗಳಿಂದ. ಕಂಪನಿಗಳನ್ನು ನಾನು ದೂರುವುದಿಲ್ಲ. ಆದರೆ ಡಬ್ಬಿಯಲ್ಲಿ ತುಂಬಿ ಮಾರಲಾಗದ ಪರಿಹಾರವನ್ನು ಅವರೇಕೆ ಹುಡುಕಿಸುತ್ತಾರೆ? ನಿಮ್ಮ ಇನ್ನೂರು ಡಾಲರಿಗೆ ಕೆಲಸವಿರುವುದು ಅಲ್ಲಿ.

ಉಪ್ಪುನೀರನ್ನೇ ತೆಗೆದುಕೊಳ್ಳಿ. ಮನುಷ್ಯರ ಬೆವರಿನಲ್ಲಿ ರಕ್ತದಲ್ಲಿರುವುದಕ್ಕಿಂತ ಕಡಿಮೆ ಉಪ್ಪಿರುತ್ತದೆ. ಬೆವರಿದಂತೆಲ್ಲ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿ ನಮಗೆ ಬಾಯಾರುತ್ತದೆ. ಕುದುರೆಯ ಬೆವರು ರಕ್ತದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಪ್ಪಾಗಿರುತ್ತದೆ. ಬಿಸಿಲಿನ ಓಟದಲ್ಲಿ ಅದು ಗಂಟೆಗೆ 10ರಿಂದ 15 ಲೀಟರ್ ಬೆವರು ಸುರಿಸಬಲ್ಲದು. ನೀರೂ ಉಪ್ಪೂ ಜೊತೆಯಾಗಿಯೇ ಹೊರಹೋಗುವುದರಿಂದ ಬಾಯಾರಿಕೆಯ ಸೂಚನೆ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಒಸಡು ಒಣಗಿದೆ, ಚರ್ಮ ಚಿವುಟಿದರೆ ಮಡಿಕೆ ಹಾಗೆಯೇ ನಿಲ್ಲುತ್ತದೆ, ಆದರೂ ತೊಟ್ಟಿಯ ಮುಂದೆ ನಿಲ್ಲಿಸಿದ ಕುದುರೆ ನೀರನ್ನು ಮೂಸಿ ಮುಖ ತಿರುಗಿಸುತ್ತದೆ. ಇದನ್ನು ನೋಡಿ ಕಂಗಾಲಾಗದ ಹೊಸ ಸವಾರರೇ ಇಲ್ಲ.

2002ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಒಂದು ಅಧ್ಯಯನ ಪ್ರಕಟಿಸಿತು. ಮೂತ್ರ ಹೆಚ್ಚಿಸುವ ಔಷಧ ಮತ್ತು ದೀರ್ಘ ಓಟದಿಂದ ನಿರ್ಜಲೀಕರಣಗೊಂಡ ಅರಬ್ಬಿ ಕುದುರೆಗಳಿಗೆ ಮೊದಲ ಕುಡಿತಕ್ಕೆ ಸಪ್ಪೆ ನೀರಿನ ಬದಲು ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರನ್ನು ಕೊಟ್ಟು, ಆಮೇಲೆ ಸಪ್ಪೆ ನೀರು ಕೊಟ್ಟರು. ಕಳೆದುಕೊಂಡ ದ್ರವವನ್ನು ಅವು ಹೆಚ್ಚು ಚೆನ್ನಾಗಿ ತುಂಬಿಕೊಂಡವು. ಬೆರಳೆಣಿಕೆಯ ಕುದುರೆಗಳು, ಅಡುಗೆಮನೆಯ ಉಪ್ಪು. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ? (ಇದನ್ನು ಓದಿ ನಾಳೆಯೇ ತೊಟ್ಟಿಗೆ ಉಪ್ಪು ಸುರಿಯಬೇಡಿ. ಸಪ್ಪೆ ನೀರಿನ ಬಕೆಟ್ ಯಾವಾಗಲೂ ಪಕ್ಕದಲ್ಲಿರಲಿ, ನಿಮ್ಮ ಪಶುವೈದ್ಯರನ್ನೂ ಕೇಳಿ.) ಇನ್ನೊಂದು ಕಡೆ, ಗಟ್ಟಿ ಎಲೆಕ್ಟ್ರೋಲೈಟ್ (ಲವಣಗಳ) ದ್ರಾವಣವನ್ನು ಸಿರಿಂಜಿನಲ್ಲಿ ಮತ್ತೆ ಮತ್ತೆ ಬಾಯಿಗೆ ಹಾಕುವುದರಿಂದ ಜಠರದ ಹುಣ್ಣು ಹೆಚ್ಚುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿತು. ಆ ದ್ರಾವಣ ಮಾರುವವರು ಇಂಥ ಅಧ್ಯಯನಕ್ಕೆ ಉತ್ಸಾಹದಿಂದ ಚೆಕ್ ಬರೆದಾರು ಎಂದು ನನಗನ್ನಿಸುವುದಿಲ್ಲ.

ತಣ್ಣೀರಿನ ಕಥೆಯೂ ಹೀಗೆಯೇ. ಕಾದ ಮೈಮೇಲೆ ತಣ್ಣೀರು ಹೊಯ್ದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂದು ಹಳಬರು ನಂಬಿದ್ದರು. 1996ರ ಒಲಿಂಪಿಕ್ಸ್ ಬಿಸಿಲಿಗೂ ತೇವಕ್ಕೂ ಹೆಸರಾದ ಅಟ್ಲಾಂಟಾದಲ್ಲಿ ಎಂದು ನಿರ್ಧಾರವಾದಾಗ ಕುದುರೆಗಳ ಗತಿಯೇನು ಎಂಬ ಕೂಗೆದ್ದಿತು, ಸಂಶೋಧನೆಗೆ ಹಣವೂ ಬಂತು. ಬ್ರಿಟನ್ನಿನ ಅಶ್ವ ಶರೀರವಿಜ್ಞಾನಿ ಡೇವಿಡ್ ಮಾರ್ಲಿನ್ ಮತ್ತು ಸಂಗಡಿಗರು ಕುದುರೆಗಳನ್ನು ಬಿಸಿ, ತೇವದ ವಾತಾವರಣದಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದರು. ಮೈತುಂಬ ತಣ್ಣೀರು ಸುರಿಯುತ್ತಲೇ ಇರುವುದು ಸುರಕ್ಷಿತ, ಪರಿಣಾಮಕಾರಿ ಎಂದು ಗೊತ್ತಾಯಿತು. ಇಂದು ನಮ್ಮ ಪ್ರತಿ ಠಾಣೆಯಲ್ಲೂ ನೀರಿನ ತೊಟ್ಟಿಯ ಸುತ್ತ ಸ್ಪಂಜು, ಚೊಂಬು ಹಿಡಿದ ಜನರ ನೂಕುನುಗ್ಗಲು. ಮೈಸೂರಿನಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಟಾಂಗಾ ಎಳೆಯುವ ಕುದುರೆಗೂ ಇದೇ ಶರೀರಶಾಸ್ತ್ರ ಅನ್ವಯಿಸುತ್ತದೆ. ಅದರ ಯಜಮಾನನಿಗೆ ಬೇಕಾದದ್ದು ಒಂದು ಕೊಳಾಯಿ.

ಆದರೆ ಮಾರ್ಲಿನ್ ಆಗ ಕೆಲಸ ಮಾಡುತ್ತಿದ್ದ ಸಂಸ್ಥೆ, ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಅನಿಮಲ್ ಹೆಲ್ತ್ ಟ್ರಸ್ಟ್, 2020ರಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. 1942ರಿಂದ ನಡೆದುಬಂದ ದತ್ತಿ ಸಂಸ್ಥೆ ಅದು. ಮೊದಲೇ ಮುಗ್ಗಟ್ಟಿನಲ್ಲಿತ್ತು, ಕೋವಿಡ್ ಬಂದು ದೇಣಿಗೆಯೂ ಬತ್ತಿತು. ಒಲಿಂಪಿಕ್ಸ್ ಬಂದಾಗ ಹಣ ಸುರಿಯುವ ಜನ ನಡುವಿನ ವರ್ಷಗಳಲ್ಲಿ ಪ್ರಯೋಗಾಲಯದ ವಿದ್ಯುತ್ ಬಿಲ್ ಕಟ್ಟುವುದಿಲ್ಲ. ಒಮ್ಮೆಗೇ ಇನ್ನೂರು ಕೊಡುವ ಬದಲು ವರ್ಷಕ್ಕೆ ಐವತ್ತರಂತೆ ಕೊಡಿ ಎಂದು ನಾನು ಹೇಳುವುದು ಇದಕ್ಕೇ.

ಸವಾರರಿಗೆ ಏನು ಲಾಭ ಎಂದೂ ಕೇಳಿದ್ದೀರಿ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಯೋಗಾಲಯ 2022ರ ಡಿಸೆಂಬರ್‌ನಲ್ಲಿ ಸವಾರಿ ಹೆಲ್ಮೆಟ್‌ಗಳಿಗೆ ಸುರಕ್ಷತೆಯ ಸ್ಟಾರ್ ಶ್ರೇಯಾಂಕ ಕೊಟ್ಟಿತು. ಆ ಕೆಲಸಕ್ಕೆ ಹಣ ಹೊಂದಿಸಲು ಮುಂದಾದದ್ದು ಸವಾರರ ಸಂಘಗಳೇ. ಹೊಸ ಹೆಲ್ಮೆಟ್ ಕೊಳ್ಳುವ ಮುನ್ನ ಆ ಪಟ್ಟಿ ನೋಡಿ.

ಹಣ ಕಳಿಸುವ ಮುನ್ನ ಎರಡು ಮಾತು ಕೇಳಿ: ನಿಮ್ಮ ದೇಣಿಗೆಯಲ್ಲಿ ಎಷ್ಟು ಪಾಲು ಆಡಳಿತ ವೆಚ್ಚಕ್ಕೆ ಹೋಗುತ್ತದೆ, ಮತ್ತು ಫಲಿತಾಂಶ ನಿರಾಶೆ ತಂದರೂ ಅದನ್ನು ಪ್ರಕಟಿಸುತ್ತಾರೆಯೇ. 'ಈ ಔಷಧದಿಂದ ಏನೂ ಆಗಲಿಲ್ಲ' ಎಂಬ ಉತ್ತರಕ್ಕೂ ಬೆಲೆಯಿದೆ. ಮುಂದಿನವರು ಅದಕ್ಕೆ ದುಡ್ಡು ಸುರಿಯುವುದು ತಪ್ಪುತ್ತದೆ.

ಹಣವೇ ಇಲ್ಲದವರೂ ಕೊಡಬಹುದಾದದ್ದು ಒಂದಿದೆ: ಮಾಹಿತಿ. ನಾನು ಬರೆಯುವ ಕಾರ್ಡುಗಳಲ್ಲಿ ನಾಡಿ, ಕರುಳಿನ ಸದ್ದು, ಒಸಡಿನ ಬಣ್ಣ, ನಡಿಗೆ ಎಲ್ಲವೂ ದಾಖಲಾಗುತ್ತವೆ. ಕುದುರೆ ಸವಾರಿ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐ ತನ್ನ ಸ್ಪರ್ಧೆಗಳ ಇಂಥ ದಾಖಲೆಗಳನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದವರಿಗೆ ಕೊಟ್ಟು ಕುದುರೆಗಳು ಸ್ಪರ್ಧೆಯಿಂದ ಏಕೆ ಹೊರಬೀಳುತ್ತವೆ ಎಂದು ಅಧ್ಯಯನ ಮಾಡಿಸಿತು. ಒಂದು ಸುತ್ತಿನ ಕೊನೆಗೆ ನಾಡಿ ಇಳಿಯಲು ತಡವಾಗುವ ಕುದುರೆ ಮುಂದೆ ಹೊರಬೀಳುವ ಸಂಭವ ಹೆಚ್ಚು ಎಂಬುದೂ ಇಂಥ ಅಂಕಿಗಳಿಂದ ಗೊತ್ತಾದದ್ದೇ. ನಿಮ್ಮ ಓಟದಲ್ಲಿ ಯಾರಾದರೂ ರಕ್ತದ ಮಾದರಿ ಕೇಳಿದರೆ ಒಪ್ಪಿಕೊಳ್ಳಿ, ಐದು ನಿಮಿಷದ ಕೆಲಸ. ಪಶುವೈದ್ಯರು ನಿಮ್ಮ ಕುದುರೆಯನ್ನು ಓಟದ ನಡುವೆಯೇ ನಿಲ್ಲಿಸಿದ ದಿನವಂತೂ ಬೇಸರದಲ್ಲಿ ಟ್ರೇಲರ್ ಹತ್ತಿಸಿ ಹೊರಟುಬಿಡಬೇಡಿ. ಚೆನ್ನಾಗಿ ಓಡಿ ಮುಗಿಸಿದ ಕುದುರೆಗಳ ಮಾದರಿ ಬೇಕಾದಷ್ಟು ಸಿಗುತ್ತದೆ. ಸಂಶೋಧಕರು ಹುಡುಕುತ್ತಿರುವುದು ಆ ದಿನದ ನಿಮ್ಮ ಕುದುರೆಯ ರಕ್ತವನ್ನು.