ವಾಂತಿ ತಡೆಯುವ ಮದ್ದು ನೋವನ್ನೂ ತಗ್ಗಿಸುತ್ತದೆಯೇ? ಇಲಿಗಳಲ್ಲಿ ನೋಡುವುದು ಹೇಗೆ?

ಕಾಸರಗೋಡಿನ ಫಾರ್ಮಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಎಂಬ ಮದ್ದು ತಡೆಯುವ ಸೆರೊಟೋನಿನ್ (ನರಗಳ ಸಂದೇಶ ಒಯ್ಯುವ ರಾಸಾಯನಿಕ) ಗ್ರಾಹಿಗಳು ವಾಂತಿಯ ದಾರಿಯಲ್ಲಷ್ಟೇ ಅಲ್ಲ, ನೋವಿನ ನರಗಳಲ್ಲೂ ಬೆನ್ನುಹುರಿಯಲ್ಲೂ ಇವೆ. ಪರೀಕ್ಷಿಸಲು ಕಾರಣ ಅಷ್ಟೇ. (ತಮಾಷೆಯೆಂದರೆ, ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ.)

ಸಾಮಾನ್ಯ ವಿಧಾನ ಫಾರ್ಮಾಲಿನ್ ಪರೀಕ್ಷೆ. ಮದ್ದು ಕೊಟ್ಟು ಅರ್ಧ ಗಂಟೆಯ ನಂತರ ಸುಂಡಿಲಿಯ ಹಿಂಗಾಲಿನ ಪಾದಕ್ಕೆ ಸುಮಾರು 20 ಮೈಕ್ರೊಲೀಟರ್ ತೆಳು ಫಾರ್ಮಾಲಿನ್ (ಉರಿ ತರುವ ದ್ರಾವಣ) ಚುಚ್ಚಿ, ಅದು ಪಾದ ನೆಕ್ಕಿದ ಸೆಕೆಂಡುಗಳನ್ನು ಎಣಿಸುತ್ತಾರೆ. ಮೊದಲ 5 ನಿಮಿಷದ್ದು ನರ ನೇರವಾಗಿ ಕೆರಳಿದ ನೋವು. 15ನೇ ನಿಮಿಷದ ನಂತರದ್ದರಲ್ಲಿ ಉರಿಯೂತವೂ ಸೇರುತ್ತದೆ. ಹೋಲಿಸಲು ಒಂದು ಗುಂಪಿಗೆ ಮದ್ದಿನ ಬದಲು ಬರೀ ಸಲೈನ್ (ಉಪ್ಪುನೀರು), ಇನ್ನೊಂದಕ್ಕೆ ನೋವು ತಗ್ಗಿಸುವ ಮಾರ್ಫಿನ್ ಬೇಕೇ ಬೇಕು. ಎಣಿಸುವವರಿಗೆ ಯಾವುದಕ್ಕೆ ಏನು ಕೊಟ್ಟಿದೆಯೆಂದು ತಿಳಿದಿರಬಾರದು.

ಹೆಚ್ಚಿನವರು ಎಡವುವುದು ಮೆಟೊಕ್ಲೊಪ್ರಮೈಡ್‌ನಂಥ ವಾಂತಿಯ ಮದ್ದಿನಲ್ಲಿ. ಅದು ಚಲನೆಗೆ ಬೇಕಾದ ಮೆದುಳಿನ ರಾಸಾಯನಿಕ ಡೋಪಮೈನ್‌ನ ಕೆಲಸ ತಡೆದು ಇಲಿಯನ್ನೇ ಮಂಕಾಗಿಸಬಹುದು. ನೆಕ್ಕದಿದ್ದುದು ನೋವಿಲ್ಲವೆಂದಲ್ಲ, ಅಲುಗಾಡಲಾಗದೆ. ಹಾಗಾಗಿ ತಿರುಗುವ ದಂಡದ ಮೇಲೆ ಅದು ನಿಲ್ಲಬಲ್ಲದೇ ಎಂದು ಬೇರೆಯಾಗಿ ನೋಡಲೇಬೇಕು. ಬಾಲಕ್ಕೆ ಬಿಸಿ ತಾಗಿಸುವ ಪರೀಕ್ಷೆಯಾದರೆ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಎ.ಸಿ. ಬೇಕು: ಬಾಲ ಮೊದಲೇ ಬೆಚ್ಚಗಿದ್ದರೆ ಇಲಿ ಬೇಗ ಎಳೆದುಕೊಳ್ಳುತ್ತದೆ.