ಸಾಕಿದ ಆಮೆಯನ್ನು ಕೆರೆಗೆ ಬಿಡಬೇಡಿ

ಪ್ರಶ್ನೆ: ಮಗಳಿಗೆಂದು ಪುಟ್ಟ ಆಮೆ ತಂದಿದ್ದೆವು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆ. ಈಗ ತಟ್ಟೆಯಷ್ಟಾಗಿದೆ, ಸಾಕಲು ಆಗುತ್ತಿಲ್ಲ. ಕೆರೆಗೆ ಬಿಟ್ಟರೆ ಪಾಪ, ಅದೂ ಆರಾಮಾಗಿ ಇರುತ್ತದೆ ಅಲ್ವಾ?

ಉತ್ತರ: ಬಿಡಬೇಡಿ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರೇ. ನನಗೆ ಸಂಕಟ ಆಗುವುದೂ ಅದಕ್ಕೇ.

ನಿಮ್ಮದು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ಸೀಮೆಯದು. ಅಂಗಡಿಯಲ್ಲಿ ನಾಣ್ಯದಷ್ಟು ಇರುವುದು 30 ವರ್ಷ ಬದುಕಬಲ್ಲದು ಎಂದು ಮಾರುವವರು ಹೇಳುವುದೇ ಇಲ್ಲ. ಇದು ಮೋಸ.

ಬೆಳಗ್ಗೆ ಕೆರೆ ದಡದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ನೀರಿನಿಂದ ಮೇಲೆದ್ದ ದಿಮ್ಮಿ ಒಂದೋ ಎರಡೋ ಇರುತ್ತದೆ. ಆಮೆಗಳಿಗೆ ಬಿಸಿಲು ಕಾಯುವ ಜಾಗ ಅದೇ. ಮೈ ಬೆಚ್ಚಗಾಗದೆ ತಿಂದದ್ದು ಅರಗುವುದಿಲ್ಲ. ಸ್ಲೈಡರ್ ಬಂದರೆ ಅಲ್ಲಿನ ಆಮೆಯನ್ನು ತಳ್ಳಿ ತಾನು ಕೂರುತ್ತದೆ. ಗೊದಮೊಟ್ಟೆ, ಮೀನು, ಗಿಡ ಎಲ್ಲವನ್ನೂ ತಿನ್ನುತ್ತದೆ. ತೊಟ್ಟಿಯ ರೋಗವನ್ನೂ ಜೊತೆಗೆ ಒಯ್ಯಬಹುದು.

‘ಒಂದೇ ಆಮೆ ತಾನೇ’ ಅನ್ನಬೇಡಿ. ಬಿಡುವವರೆಲ್ಲ ಒಂದನ್ನೇ ಬಿಡುವುದು. ಐರೋಪ್ಯ ಒಕ್ಕೂಟ 1997ರಲ್ಲಿ ಇದರ ಆಮದು ನಿಲ್ಲಿಸಿತು. ಅಷ್ಟರಲ್ಲಿ ಮನೆಗಳಿಂದ ಹೊರಬಿದ್ದ ಆಮೆಗಳು ಅಲ್ಲಿನ ಕೆರೆಗಳನ್ನು ಸೇರಿಬಿಟ್ಟಿದ್ದವು.

‘ಬಿಟ್ಟು ಎರಡು ವರ್ಷವಾಯಿತು, ಏನೂ ಆಗಿಲ್ಲ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಎರಡು ವರ್ಷ ಏನೇನೂ ಅಲ್ಲ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ, ಬೇರೆ ಮೀನು ತಿನ್ನುವ ದೊಡ್ಡ ಮೀನು ಬಿಟ್ಟರು. ಮೀನುಗಾರಿಕೆ ಬೆಳೆಯಲಿ ಎಂಬ ಆಸೆ. 20 ವರ್ಷಕ್ಕೂ ಜಾಸ್ತಿ ಅದು ಸುಮ್ಮನಿದ್ದಂತೆ ಕಂಡಿತು. 1980ರ ದಶಕದಲ್ಲಿ ಅದರ ಸಂಖ್ಯೆ ಒಮ್ಮೆಗೇ ಏರಿತು. ನೀರೂ ಕೆಡುತ್ತಿತ್ತು. ಬೇರೆಲ್ಲೂ ಇಲ್ಲದ ನೂರಾರು ಬಗೆಯ ಸಣ್ಣ ಮೀನುಗಳು ಕಾಣೆಯಾದವು. ಅವನ್ನು ಮತ್ತೆ ಎಲ್ಲಿಂದ ತರುವುದು?

ದೊಡ್ಡ ತೊಟ್ಟಿ, ಒಣ ಕಲ್ಲು, ಬಿಸಿಲು ಕೊಟ್ಟು ನೀವೇ ಸಾಕಿ. ಮುಟ್ಟಿದ ಮೇಲೆ ಮಗಳ ಕೈ ಸೋಪಿನಿಂದ ತೊಳೆಸಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಆಗುವುದೇ ಇಲ್ಲ ಎಂದರೆ ಪಶುವೈದ್ಯರನ್ನೋ ಪ್ರಾಣಿ ರಕ್ಷಣಾ ಕೇಂದ್ರವನ್ನೋ ಕೇಳಿ. ತೊಟ್ಟಿಯ ನೀರನ್ನೂ ಕೆರೆಗೆ ಸುರಿಯಬೇಡಿ. ನಾನಂತೂ ಮಣ್ಣಿಗೇ ಹಾಕುತ್ತೇನೆ.

ಪ್ರಶ್ನೆ: ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಸಾಕುವ ಟ್ಯಾಂಕ್ ಕ್ಲೀನರ್ ಮೀನು ಕೆರೆಯನ್ನೂ ಶುಚಿ ಮಾಡುತ್ತದಂತೆ?

ಉತ್ತರ: ಸುಳ್ಳು. ದಡದಲ್ಲಿ ಬಿಲ ತೋಡಿ ಮಣ್ಣು ಕುಸಿಯುವಂತೆ ಮಾಡುತ್ತದೆ, ಗಟ್ಟಿ ಚಿಪ್ಪಿನಿಂದ ಮೀನುಗಾರರ ಬಲೆ ಹರಿಯುತ್ತದೆ.

ಪ್ರಶ್ನೆ: ಸೊಳ್ಳೆ ಕಾಟಕ್ಕೆ ಗ್ಯಾಂಬೂಸಿಯಾ ಮೀನು ಬಿಡಲಾ?

ಉತ್ತರ: ಬೇಡ. ಸೊಳ್ಳೆ ಮರಿ ತಿನ್ನುವ ಕಪ್ಪೆ, ಮೀನುಗಳ ಮರಿಗಳನ್ನೇ ಅದು ತಿನ್ನುತ್ತದೆ.

ಪ್ರಶ್ನೆ: ಒಂದು ಪುಡಿ ಹಾಕಿದರೆ ಕೆರೆ ತಿಳಿಯಾಗುತ್ತದೆ ಎಂದು ಮಾರುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಕೊಳಚೆ ಎಲ್ಲಿಂದ ಬರುತ್ತಿದೆ ಎಂದು ಕೇಳದೆ ಪುಡಿ ಮಾರುವವರಿಗೆ ಒಂದು ಕಾಸೂ ಕೊಡಬೇಡಿ. ಮೊದಲು ಕೊಳಚೆ ತರುವ ಪೈಪು ಮುಚ್ಚಿಸಿ.